ಪರ್ಸೆಫೊನೆಯ ಅಪಹರಣವನ್ನು ಕವಿಯಿಂದ ಕವಿಗೆ ಓದುವ ಬಗೆ

ನಾಗಚಂದ್ರನ ರಾವಣ ವಾಲ್ಮೀಕಿಯ ರಾವಣನಲ್ಲವೆಂಬುದನ್ನು ಬಲ್ಲ ಮುಂಬಯಿಯ ಕನ್ನಡ ಓದುಗ ಬಳಗಗಳು ಅದೇ ಅಭ್ಯಾಸದಿಂದ ಗ್ರೀಕ್ ಮತ್ತು ರೋಮನ್ ಕವಿಗಳು ಹೇಳಿದ ಪರ್ಸೆಫೊನೆಯ ಕಥೆಯನ್ನೂ ಓದಬಹುದು. ಇವಳು ಧಾನ್ಯದೇವಿ ಡಿಮೀಟರಳ ಮಗಳು; ಪಾತಾಳದ ದೊರೆ ಹೇಡಿಸ್ ಇವಳನ್ನು ಹೊತ್ತೊಯ್ಯುತ್ತಾನೆ. ಪುರಾಣಕೋಶಗಳ ಸಾರಾಂಶವನ್ನು ಮಾತ್ರ ಮೊದಲೇ ಬದಿಗಿಡಬೇಕು. ಅವು ಎಲ್ಲ ಕವಿಗಳನ್ನೂ ಕಲಸಿ ಒಂದೇ ಕಥೆ ಮಾಡಿಬಿಡುತ್ತವೆ.

ಆರಂಭಕ್ಕೆ ಡಿಮೀಟರ್ ದೇವಿಯನ್ನು ಕುರಿತ, ಹೋಮರನ ಹೆಸರಿಗೆ ಅಂಟಿಕೊಂಡಿರುವ ಗ್ರೀಕ್ ಸ್ತೋತ್ರವನ್ನು ತೆಗೆದುಕೊಳ್ಳಿ. ಅದು ಸುಮಾರು 495 ಸಾಲುಗಳದ್ದು. ಕೂರಲು ಜಾಗ ಸಿಕ್ಕರೆ ಡೊಂಬಿವಿಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಲೋಕಲ್ ರೈಲಿನಲ್ಲೇ ಅನುವಾದವನ್ನು ಮುಗಿಸಬಹುದು. ಓದುವಾಗ ಒಪ್ಪಿಗೆ ಕೊಟ್ಟವರು ಯಾರು, ಕೂಗನ್ನು ಕೇಳಿದವರು ಯಾರು, ನಡೆದದ್ದನ್ನು ಹೇಳುವವರು ಯಾರು ಎಂಬುದನ್ನು ಮೂಲದ ಸಾಲುಸಂಖ್ಯೆಯೊಡನೆ ಗುರುತು ಹಾಕಿಕೊಳ್ಳಿ. ಇಲ್ಲಿ ಮಗಳನ್ನು ಹೇಡಿಸನಿಗೆ ಕೊಟ್ಟವನು ತಂದೆ, ದೇವತೆಗಳ ರಾಜ ಜ್ಯೂಸನೇ. ತಾಯಿಗೆ ಸುದ್ದಿಯೇ ಇಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದಾಳಿಂಬೆಯ ಬಳಿ. ಪಾತಾಳದಲ್ಲಿ ಅದನ್ನು ತಿಂದದ್ದರಿಂದಲೇ ಅವಳು ಪ್ರತಿವರ್ಷ ಅಲ್ಲಿಗೆ ಮರಳಬೇಕಾಗುತ್ತದೆ. ಹೇಡಿಸ್ ಬೀಜವನ್ನು ಗುಟ್ಟಾಗಿ ತಿನ್ನಿಸಿದನೆಂದು ಸ್ತೋತ್ರದ ಕವಿ ಹೇಳಿದರೆ, ಮೇಲೆ ಬಂದ ಪರ್ಸೆಫೊನೆ ಅವನು ಬಲವಂತದಿಂದ ತಿನ್ನಿಸಿದನೆಂದು ತಾಯಿಯ ಮುಂದೆ ಹೇಳುತ್ತಾಳೆ. ಇವೆರಡನ್ನೂ ಒಂದಾಗಿಸಲು ಹೋಗದೆ ಅಕ್ಕಪಕ್ಕದಲ್ಲೇ ಬರೆದಿಡಿ, ಏಕೆಂದರೆ ಇಡೀ ಸ್ತೋತ್ರದಲ್ಲಿ ಹುಡುಗಿ ತನ್ನ ಕಥೆಯನ್ನು ತಾನೇ ಹೇಳುವ ಜಾಗ ಅದು.

ಅನಂತರ ರೋಮನ್ ಕವಿ ಓವಿಡ್‌ನ 'ಮೆಟಮಾರ್ಫಸೀಸ್' ಕಾವ್ಯದ ಐದನೆಯ ಸಂಪುಟಕ್ಕೆ ಬನ್ನಿ. ರೋಮನ್ ಕವಿಗಳಲ್ಲಿ ಹೇಡಿಸ್ ಪ್ಲೂಟೊ, ಪರ್ಸೆಫೊನೆ ಪ್ರಾಸರ್ಪಿನಾ, ಜ್ಯೂಸ್ ಜುಪಿಟರ್, ಡಿಮೀಟರ್ ಸಿರೀಸ್ ಆಗುತ್ತಾರೆ. ಘಟನೆ ಸಿಸಿಲಿಯ ಹೆನ್ನಾಕ್ಕೆ ಸರಿದಿದೆ. ಪ್ಲೂಟೊನ ಮೇಲೆ ಪ್ರೇಮದ ಬಾಣ ಬಿಡಿಸುವವಳು ಪ್ರೇಮದೇವಿ ವೀನಸ್. ಮಡಿಲಿನಿಂದ ಹೂ ಉದುರಿದ್ದಕ್ಕೂ ಪ್ರಾಸರ್ಪಿನಾ ಅಳುತ್ತಾಳೆ. ಅಡ್ಡ ನಿಂತ ಸಯಾನೆ ಎಂಬ ಅಪ್ಸರೆ ದುಃಖದಲ್ಲಿ ಕರಗಿ ನೀರಾಗುತ್ತಾಳೆ. ದಾಳಿಂಬೆಯನ್ನು ಇಲ್ಲಿ ಪ್ರಾಸರ್ಪಿನಾ ತಾನೇ ಕಿತ್ತು ಏಳು ಬೀಜ ತಿನ್ನುತ್ತಾಳೆ. ಅದೇ ಕವಿಯ 'ಫಾಸ್ಟಿ' ಎಂಬ ಇನ್ನೊಂದು ಕಾವ್ಯದಲ್ಲಿ ಬೀಜಗಳು ಮೂರು. ನನ್ನ ಮಟ್ಟಿಗೆ ಈ ಲೆಕ್ಕಕ್ಕಿಂತ ಮುಖ್ಯವಾದದ್ದು, ಬಲವಂತದ ಮಾತು ಇಲ್ಲಿ ಮಾಯವಾಗಿ, ಇದು ಅನ್ಯಾಯವಲ್ಲ, ಪ್ರೇಮವೆಂದು ಜುಪಿಟರ್ ವಾದಿಸುವುದು. ಗ್ರೀಕ್ ಸ್ತೋತ್ರದಲ್ಲಿ ಅವಳು ವರ್ಷದ ಮೂರನೆಯ ಒಂದು ಭಾಗ ಪಾತಾಳದಲ್ಲಿದ್ದರೆ ಓವಿಡ್‌ನಲ್ಲಿ ಅರ್ಧ ವರ್ಷ.

ಇದೇ ಅಪಹರಣದ ಮೇಲೆ ಕಾವ್ಯ ಬರೆದ, ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಲ್ಯಾಟಿನ್ ಕವಿ ಕ್ಲಾಡಿಯನ್‌ನನ್ನು ಕಡೆಯಲ್ಲಿ ಓದಿದರೆ ಸಾಕು. ಹೆಂಡತಿಯಿಲ್ಲದ ಪ್ಲೂಟೊ ಸ್ವರ್ಗದ ಮೇಲೆ ಯುದ್ಧದ ಬೆದರಿಕೆ ಹಾಕುತ್ತಾನೆ, ಪಾತಾಳದಲ್ಲಿ ಮದುವೆಯ ಸಂಭ್ರಮವೂ ನಡೆಯುತ್ತದೆ. ವರ್ಣನೆ ಕೊಂಚ ಅತಿಯೇ. ದಾಳಿಂಬೆಯ ಪ್ರಸಂಗವನ್ನು ಅಲ್ಲಿ ಹುಡುಕಬೇಡಿ: ಮೂರನೆಯ ಸಂಪುಟದಲ್ಲಿ ಸಿರೀಸ್ ಮಗಳನ್ನು ಅರಸಲು ಹೊರಟಂತೆಯೇ ಕಾವ್ಯ ಅಪೂರ್ಣವಾಗಿ ನಿಂತಿದೆ.