ಕುಡಿಯುವವರ ಮನೆಯವರಿಗೂ ಥೆರಪಿ ಬೇಕು: ನಾನು ಹುಡುಕಿಕೊಂಡ ದಾರಿ

ಹನ್ನೊಂದು ವರ್ಷ ನಮ್ಮ ಯಜಮಾನರ ಆಫೀಸಿಗೆ ಫೋನ್ ಮಾಡಿ "ಇವತ್ತು ಅವರಿಗೆ ಜ್ವರ" ಎಂದು ಹೇಳಿದ್ದೇನೆ. ಸ್ಕೂಟರ್ ಕೀಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಸಂಜೆ ಎಷ್ಟು ಇಳಿದಿದೆ ಎಂದು ನೋಡಿದ್ದೇನೆ. ತಿಪಟೂರಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ಬೋರ್ಡಿನ ಮೇಲೆ ಮಕ್ಕಳಿಗೆ ಲೆಕ್ಕ ಬಿಡಿಸುವಾಗಲೂ ನನ್ನ ತಲೆಯೊಳಗೆ ಬೇರೆಯದೇ ಲೆಕ್ಕ: ಈಗ ಎಲ್ಲಿರಬಹುದು, ಎಷ್ಟಾಗಿರಬಹುದು, ಮನೆಗೆ ಹೇಗೆ ಬರಬಹುದು. ಕುಡಿಯುತ್ತಿದ್ದವರು ಅವರು. ನಿದ್ದೆಗೆಟ್ಟವಳು, ಅಕ್ಕನ ಮಗಳ ಮದುವೆಗೂ ಹೋಗದೆ ಮನೆ ಕಾದವಳು, ಯಾರು ಕೇಳಿದರೂ "ಎಲ್ಲ ಚೆನ್ನಾಗಿದೀವಿ" ಎಂದವಳು ನಾನು.

ಇದಕ್ಕೆ ಕೋಡಿಪೆಂಡೆನ್ಸಿ ಎಂಬ ಹೆಸರಿದೆ ಎಂದು ತಿಳಿದಾಗ ನನಗೆ 44 ವರ್ಷ. ಕನ್ನಡದಲ್ಲಿ ಕೆಲವರು ಸಹಾವಲಂಬನೆ ಎನ್ನುತ್ತಾರೆ. ಅಮೆರಿಕದಲ್ಲಿ ಕುಡಿತ ಬಿಡಿಸುವ ಕೇಂದ್ರಗಳವರು, ಕುಡಿಯುವವರ ಜೊತೆ ಅವರ ಮನೆಯವರ ಬದುಕೂ ಬಾಟಲಿಯ ಸುತ್ತಲೇ ತಿರುಗುವುದನ್ನು ಕಂಡು ಬಳಕೆಗೆ ತಂದ ಪದವಿದು. ಚಿಕಿತ್ಸೆ ಹುಡುಕುವ ಮೊದಲು ಒಂದು ವಿಷಯ ತಿಳಿದಿರಲಿ: ವೈದ್ಯರು ರೋಗ ಗುರುತಿಸಲು ಬಳಸುವ ಡಿಎಸ್‌ಎಂ-5ರಲ್ಲಾಗಲಿ, ಐಸಿಡಿಯಲ್ಲಾಗಲಿ ಇದೊಂದು ಕಾಯಿಲೆಯಾಗಿ ಪಟ್ಟಿಯಾಗಿಲ್ಲ. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ "ನನಗೆ ಕೋಡಿಪೆಂಡೆನ್ಸಿ ಇದೆ" ಎಂದರೆ ಅವರಿಗೆ ತಕ್ಷಣ ಅರ್ಥವಾಗದೇ ಹೋಗಬಹುದು. ಆ ಪದವನ್ನು ನೆಚ್ಚಿಕೊಳ್ಳಬೇಡಿ. ನಡೆಯುತ್ತಿರುವುದನ್ನು ಇದ್ದ ಹಾಗೆ ಹೇಳಿ.

ಅದಕ್ಕಾಗಿ ಒಂದು ವಾರ ಬರೆದಿಡಿ. ನಾನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದೆ. ಅವರಿಗಾಗಿ ಎಷ್ಟು ಸುಳ್ಳು ಹೇಳಿದೆ, ಎಷ್ಟು ದುಡ್ಡು ತೀರಿಸಿದೆ, ಎಷ್ಟು ಸಲ ಫೋನ್ ಮಾಡಿದೆ, ನನ್ನ ಯಾವ ಕೆಲಸ ಬಿಟ್ಟೆ, ರಾತ್ರಿ ಎಷ್ಟು ಹೊತ್ತು ಎದ್ದಿದ್ದೆ. ಏಳನೆಯ ದಿನ ಕೂಡಿದಾಗ ಸುಳ್ಳುಗಳೇ 19. ಆ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತುಬಿಟ್ಟೆ.

ನಾನು ಮೊದಲು ಹೋದ ಕೌನ್ಸೆಲರ್ ಹತ್ತೇ ನಿಮಿಷದಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಪ್ರೀತಿಯಿಂದ ತಿದ್ದಿ" ಎಂದರು. ನಾನು ಹನ್ನೊಂದು ವರ್ಷ ಮಾಡಿದ್ದೇ ಅದನ್ನು. ಮನೆಗೆ ಬಂದು ಇನ್ನಷ್ಟು ಪ್ರೀತಿ ತೋರಿಸಿದೆ, ಇನ್ನಷ್ಟು ಸಾಲ ತೀರಿಸಿದೆ. ಮತ್ತೊಬ್ಬರ ಬಾಗಿಲು ತಟ್ಟಲು ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಆ ಎರಡು ವರ್ಷ ಉಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಸರಿಹೋಗಲಿಲ್ಲವೆಂದರೆ ಆ ಒಬ್ಬರು ನಿಮಗೆ ಹೊಂದಲಿಲ್ಲ, ಅಷ್ಟೇ. ಥೆರಪಿಯೇ ಬೇಡ ಎಂದುಕೊಳ್ಳಬೇಡಿ.

ಯಾರ ಹತ್ತಿರ ಹೋಗುವುದು? ಮನೋವೈದ್ಯರು ಎಂಬಿಬಿಎಸ್ ಓದಿದವರು, ಔಷಧಿ ಬರೆಯುತ್ತಾರೆ. ನಿಮಗೇ ನಿದ್ದೆ ಹೋಗಿದ್ದರೆ, ಬದುಕು ಬೇಡ ಎನ್ನಿಸುತ್ತಿದ್ದರೆ ಮೊದಲು ಅವರನ್ನು ಕಾಣಿ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುವವರು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಅವರ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ಒಳ್ಳೆಯವರು ಕೇಳಿದ ಕೂಡಲೇ ಹೇಳುತ್ತಾರೆ. ಮೂರನೆಯವರು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಇವರ ಬಗ್ಗೆ ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಡೀ ಮನೆಯನ್ನು ಒಟ್ಟಾಗಿ ನೋಡುವುದೇ ಇವರ ತರಬೇತಿ. ನಮ್ಮಂಥವರ ಗಂಟನ್ನು ಬೇಗ ಹಿಡಿಯುವವರು ಇವರೇ ಎಂಬುದು ನನ್ನ ಅನುಭವ. ಬರೀ "ಕೌನ್ಸೆಲರ್" ಎಂಬ ಬೋರ್ಡಿನ ಹಿಂದೆ ನಾನಾ ಬಗೆಯ ಓದು ಇರುತ್ತದೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಗಿದೆ ಎಂದು ವಿಚಾರಿಸಿ.

ದುಡ್ಡಿನ ಚಿಂತೆಯಿದ್ದರೆ ಜಿಲ್ಲಾಸ್ಪತ್ರೆಯಿಂದ ಶುರುಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಘಟಕ ಎಲ್ಲಿದೆ ಎಂದು ಕೇಳಿ. ಇದರ ಮೂಲ ಮಾದರಿ ನಮ್ಮ ಬಳ್ಳಾರಿಯದು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ನೋಡಿದ್ದನ್ನೇ 1996ರಿಂದ ದೇಶದ ಜಿಲ್ಲೆಗಳಿಗೆ ಹಬ್ಬಿಸಿದರು. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ತಿಳಿದುಕೊಂಡು ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಆಸ್ಪತ್ರೆಯ ಹೆಸರಿಗೇ ಹೆದರುವವರಿಗೆ ಬಿಟಿಎಂ ಲೇಔಟಿನಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಊರಲ್ಲಿ ಸುದ್ದಿಯಾದೀತು ಎಂಬ ಭಯ ನನಗೂ ಇತ್ತು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ನೀವು ಹೇಳಿದ್ದನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸಿದೆ. ಯಾರದಾದರೂ ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು.

ಅಪಾಯಿಂಟ್‌ಮೆಂಟ್‌ಗೆ ಮುಂಚೆ ಫೋನಿನಲ್ಲಿ ನಾನು ಕೇಳಿದ ಪ್ರಶ್ನೆಗಳು ಹೀಗಿದ್ದವು. ಕನ್ನಡದಲ್ಲೇ ಮಾತಾಡಬಹುದಾ? (ಅಳು ಬಂದಾಗ ನನಗೆ ಇಂಗ್ಲಿಷ್ ಬರುವುದಿಲ್ಲ.) ಕುಡಿಯುವವರ ಹೆಂಡತಿ, ತಾಯಿ, ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ? ಒಂದು ಸಲಕ್ಕೆ ಎಷ್ಟು ಫೀಸು, ಕಡಿಮೆ ಮಾಡುತ್ತೀರಾ? ಕೊನೆಯ ಪ್ರಶ್ನೆಯೇ ಮುಖ್ಯ: "ನಮ್ಮ ಯಜಮಾನರು ಬರಲ್ಲ. ನಾನೊಬ್ಬಳೇ ಬಂದರೆ ಪ್ರಯೋಜನ ಇದೆಯಾ?" ಒಬ್ಬರು "ಅವರನ್ನು ಕರ್ಕೊಂಡು ಬಂದ್ರೆ ಮಾತ್ರ" ಎಂದರು. ಇನ್ನೊಬ್ಬರು "ನೀವು ಬನ್ನಿ, ನಿಮ್ಮ ಬಗ್ಗೆ ಮಾತಾಡೋಣ" ಎಂದರು. ಎರಡನೆಯವರ ಹತ್ತಿರ ಹೋದೆ. ಮೊದಲ ಮೂರು ಸಲ ರೈಲಿನಲ್ಲಿ ಬೆಂಗಳೂರಿಗೆ, ಆಮೇಲೆ ಗುರುವಾರ ಗುರುವಾರ ವಿಡಿಯೋ ಕಾಲ್‌ನಲ್ಲಿ, ಶಾಲೆಯ ಲ್ಯಾಬಿನ ಬಾಗಿಲು ಹಾಕಿಕೊಂಡು.

ಮೊದಲ ದಿನ ಅವರು "ಈ ವಾರ ಹೇಗಿತ್ತು? 'ಅವರು' ಅನ್ನೋ ಪದ ಬಿಟ್ಟು ಹೇಳಿ" ಎಂದರು. ಎರಡು ವಾಕ್ಯ ದಾಟಲು ನನ್ನಿಂದ ಆಗಲಿಲ್ಲ. ನನ್ನ ಚಿಕಿತ್ಸೆ ಶುರುವಾದದ್ದು ಆ ಮೂರನೆಯ ವಾಕ್ಯದ ಹುಡುಕಾಟದಿಂದ. ಆಮೇಲೆ ಸಣ್ಣ ಸಣ್ಣ ಮನೆಗೆಲಸ ಕೊಟ್ಟರು. ಒಂದು ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಬಾರದು, ಅಷ್ಟೇ. ಆ ದಿನ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. ಹತ್ತೂವರೆಗೆ ಯಜಮಾನರೇ ಫೋನ್ ಮಾಡಿ ರಜೆ ಹೇಳಿದರಂತೆ.

ಆದರೆ ಕೈಬಿಡುವುದು ಬೇರೆ, ಆಪತ್ತಿನಲ್ಲಿ ಸುಮ್ಮನಿರುವುದು ಬೇರೆ. ಹೆಚ್ಚು ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಬಡಬಡಿಕೆ ಬರಬಹುದು. ಅದು ಪ್ರಾಣಕ್ಕೇ ಅಪಾಯ, ಕೂಡಲೇ 108ಕ್ಕೆ ಫೋನ್ ಮಾಡಿ. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಪ್ರಯತ್ನ ಎಂದೂ ಬೇಡ. ಮನೆಯಲ್ಲಿ ಹೊಡೆತವಿದ್ದರೆ ಗಂಡ ಹೆಂಡತಿ ಒಟ್ಟಿಗೆ ಕೂರುವ ಕೌನ್ಸೆಲಿಂಗ್‌ಗೆ ಒಪ್ಪಬೇಡಿ. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಮೊದಲು ನಿಮ್ಮ ಸುರಕ್ಷತೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಥೆರಪಿಯ ಜೊತೆಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್-ಅನಾನ್. 1951ರಲ್ಲಿ ಅಮೆರಿಕದಲ್ಲಿ ಕುಡಿಯುವವರ ಮನೆಯವರಿಗಾಗಿಯೇ ಶುರುವಾದ ಬಳಗವಿದು, ಬೆಂಗಳೂರಿನಲ್ಲೂ ಸಭೆಗಳಿವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಈ ಕುಡಿತ ನನ್ನಿಂದ ಬಂದದ್ದಲ್ಲ, ನನ್ನ ಹಿಡಿತಕ್ಕೆ ಸಿಗುವುದಲ್ಲ, ನಾನು ವಾಸಿಮಾಡುವುದೂ ಅಲ್ಲ ಎಂದು ಅಲ್ಲಿ ಹೇಳಿಕೊಡುತ್ತಾರೆ. ಮೊದಲ ಸಲ ಕೇಳಿದಾಗ ಕೋಪ ಬಂತು. ನಾಲ್ಕನೆಯ ಸಭೆಯಲ್ಲಿ ಅತ್ತುಬಿಟ್ಟೆ.

ಇಷ್ಟೆಲ್ಲ ಒಟ್ಟಿಗೆ ಮಾಡುವ ಶಕ್ತಿ ಇಲ್ಲ ಎನ್ನಿಸಿದರೆ ಇವತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ಗೆ ಒಂದು ಫೋನ್ ಮಾಡಿ, ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಪ್ರತಿ ವಾರದ ಥೆರಪಿಗೆ ಇದು ಬದಲಿಯಲ್ಲ, ಆದರೆ ಹತ್ತಿರದಲ್ಲಿ ಎಲ್ಲಿಗೆ ಹೋಗಬಹುದು ಎಂದು ದಾರಿ ತೋರಿಸುತ್ತಾರೆ. ನಾನು ಮಾಡಿದ್ದು ರಾತ್ರಿ ಹನ್ನೊಂದೂಮುಕ್ಕಾಲಿಗೆ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು. ಆ ಕಡೆಯಿಂದ "ಹೇಳಿ" ಎಂದಾಗ ಗಂಟಲು ಕಟ್ಟಿತು. ನಿಮಗೂ ಹಾಗಾದರೆ ನಾನು ಹೇಳಿದ್ದನ್ನೇ ಹೇಳಿ: "ನಮ್ಮ ಯಜಮಾನರು ಕುಡೀತಾರೆ. ಆದರೆ ನಾನು ಫೋನ್ ಮಾಡಿರೋದು ನನ್ನ ಬಗ್ಗೆ ಮಾತಾಡೋಕೆ."