ಸಂತೋಷಕ್ಕೆಂದು ಮೊದಲೇ ಎತ್ತಿಟ್ಟ ಉಸಿರು

ನನಗೆ ಸಿಒಪಿಡಿ ಇದೆ. ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿಯಾಗಿ ಹೊರಗೆ ಬಾರದ ಕಾಯಿಲೆ. ಸ್ಪೈರೋಮೆಟ್ರಿ ಯಂತ್ರದ ಕೊಳವೆಗೆ ಬಲವಾಗಿ ಊದಿಸಿದ ವೈದ್ಯರು, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆ ಎಂದು ತೋರಿಸಿ ಕಾಯಿಲೆಯನ್ನು ಖಚಿತಪಡಿಸಿದರು. ಔಷಧದಿಂದ ಹಿಡಿತದಲ್ಲಿಡಬಹುದು, ಪೂರ್ತಿ ವಾಸಿ ಮಾಡಲಾಗದು ಎಂದರು. ಅದರ ಜೊತೆಗೇ ಬದುಕುತ್ತ ಖುಷಿಯಾಗಿರುವುದನ್ನು ನಾನು ಹೇಗೆ ರೂಢಿಸಿಕೊಂಡೆ, ಯಾರ ಆಸರೆಯನ್ನು ಹೇಗೆ ಪಡೆದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಸಿರು ಸಾಲದಾದಾಗ ನಾವು ಮೊದಲು ಕೈಬಿಡುವುದು ನಮಗೆ ಪ್ರಿಯವಾದದ್ದನ್ನೇ. ಸ್ನಾನ ಬಿಡಲಾಗದು, ಅಡುಗೆ ಬಿಡಲಾಗದು, ಮನೆ ಗುಡಿಸುವುದನ್ನೂ ಹೇಗೋ ಮುಗಿಸುತ್ತೇವೆ. ಅಷ್ಟು ಹೊತ್ತಿಗೆ ಏದುಸಿರು ಬಂದಿರುತ್ತದೆ. ಗೆಳತಿಯ ಮನೆಗೆ ಹೋಗುವುದು, ಗಿಡಗಳ ನಡುವೆ ಓಡಾಡುವುದು, ನಮ್ಮಷ್ಟಕ್ಕೆ ಹಾಡಿಕೊಳ್ಳುವುದು ಎಲ್ಲವೂ ‘ನಾಳೆ ನೋಡೋಣ’ ಎನ್ನುವಲ್ಲಿಗೆ ನಿಲ್ಲುತ್ತವೆ. ಇದಕ್ಕೆ ದೇಹದ ಕಾರಣವೂ ಇದೆ. ದಮ್ಮು ಬರುತ್ತದೆಂಬ ಭಯಕ್ಕೆ ಕುಳಿತೇ ಇದ್ದರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕು. ಹಾಗಾಗಿ ದಮ್ಮು ಇನ್ನೂ ಬೇಗ ಬರುತ್ತದೆ, ಭಯ ಇನ್ನಷ್ಟು ಬಲಿಯುತ್ತದೆ. ಶ್ವಾಸಕೋಶ ಇದ್ದ ಸ್ಥಿತಿಯಲ್ಲೇ ಇದ್ದರೂ ನಮ್ಮ ಓಡಾಟ ಒಂದು ಕೋಣೆಗೆ ಇಳಿದುಬಿಡುತ್ತದೆ.

ನಾನು ಈ ಕ್ರಮವನ್ನೇ ತಿರುಗಿಸಿದೆ. ಸಂಬಳ ಬಂದ ದಿನವೇ ಉಳಿತಾಯದ ದುಡ್ಡನ್ನು ಎತ್ತಿಟ್ಟು, ಮಿಕ್ಕಿದ್ದರಲ್ಲಿ ಸಂಸಾರ ತೂಗಿಸುವವರಂತೆ, ದಿನದ ಉಸಿರಿನಲ್ಲಿ ಸಂತೋಷದ ಪಾಲನ್ನು ಮೊದಲು ತೆಗೆದಿಟ್ಟೆ. ನನಗೆ ಎದೆ ಹಗುರವಾಗಿರುವುದು ಬೆಳಗ್ಗೆ ಇನ್ಹೇಲರ್ ತೆಗೆದುಕೊಂಡು, ಕಫ ಹೊರಹೋದ ನಂತರದ ಹೊತ್ತಿನಲ್ಲಿ. ಹಿಂದೆ ಆ ಹೊತ್ತು ಮನೆಗೆಲಸದ ಪಾಲಾಗುತ್ತಿತ್ತು. ಈಗ ರಜೆ ಇದ್ದರೆ ಅದು ಮೊಮ್ಮಗಳದು, ಇಲ್ಲದಿದ್ದರೆ ಕುಂಡದ ಗಿಡಗಳದು. ಉಳಿದ ಕೆಲಸಕ್ಕೆ ಉಳಿದ ಉಸಿರು. ಅದು ಸಾಲದಿದ್ದರೆ ಕೆಲಸ ಮರುದಿನಕ್ಕೆ ನಿಲ್ಲಲಿ. ಮನೆಯವರಿಗೂ ನನಗೂ ಇದು ಒಗ್ಗಲು ಸಮಯ ಹಿಡಿಯಿತು, ಒಗ್ಗಿತು.

ದಿನನಿತ್ಯದ ಕೆಲಸಗಳಲ್ಲಿ ಉಸಿರು ಸೋರಿಹೋಗುವ ಜಾಗಗಳನ್ನು ಹುಡುಕಿ ಮುಚ್ಚುವುದು ಇದಕ್ಕೆ ಪೂರಕ. ಕೈಯನ್ನು ಭುಜಕ್ಕಿಂತ ಮೇಲೆತ್ತಿ ಮಾಡುವ ಕೆಲಸ ನಮ್ಮಂಥವರಿಗೆ ವಿಪರೀತ ದುಬಾರಿ. ಭುಜ, ಕತ್ತಿನ ಸ್ನಾಯುಗಳನ್ನು ನಾವು ಉಸಿರಾಡುವುದಕ್ಕೂ ಬಳಸುತ್ತಿರುತ್ತೇವೆ. ಆದ್ದರಿಂದ ದಿನವೂ ಬೇಕಾಗುವ ವಸ್ತುಗಳೆಲ್ಲ ಸೊಂಟದ ಮಟ್ಟಕ್ಕೆ ಇಳಿದವು. ಸ್ನಾನದ ಮನೆಯಲ್ಲಿ ಒಂದು ಸ್ಟೂಲು ಬಂತು. ಮೈ ಒರೆಸಿಕೊಳ್ಳುವ ಶ್ರಮ ತಪ್ಪಿಸಲು ದೊಡ್ಡ ಟವೆಲನ್ನು ಹೊದ್ದು ಸುಮ್ಮನೆ ಕುಳಿತುಬಿಡುತ್ತೇನೆ, ನೀರು ತಾನಾಗಿ ಆರುತ್ತದೆ. ಬಗ್ಗುವಾಗ, ಎತ್ತುವಾಗ, ಮೆಟ್ಟಿಲಿಗೆ ಕಾಲಿಡುವಾಗ ಉಸಿರು ಬಿಡುತ್ತೇನೆ. ಶ್ರಮದ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುವ ಅಭ್ಯಾಸ ಹೋದದ್ದೇ ದೊಡ್ಡ ಲಾಭ.

ನನ್ನ ದೊಡ್ಡ ಸಂತೋಷ ಗಟ್ಟಿಯಾಗಿ ಓದುವುದು. ಬದುಕಿನ ಬಹುಪಾಲು ಪಾಠ ಹೇಳಿದವಳು ನಾನು, ದನಿಯೇ ನನ್ನ ಕಸುಬು. ಒಂದು ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿಯತೊಡಗಿದಾಗ ಓದುವುದನ್ನು ಬಿಟ್ಟುಬಿಡಬೇಕೇನೋ ಎಂದು ಬಹಳ ಸಂಕಟಪಟ್ಟೆ. ದಾರಿ ತೋರಿದ್ದು ಫಿಸಿಯೋಥೆರಪಿಸ್ಟ್ ಕಲಿಸಿದ ತುಟಿ ಕಿರಿದು ಮಾಡಿ ಉಸಿರು ಬಿಡುವ ಕ್ರಮ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಂಡು, ಸಿಳ್ಳೆ ಹಾಕುವವರಂತೆ ತುಟಿ ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ತುಟಿಯ ಕಿರಿದಾದ ಬಾಗಿಲು ಒಳಗೆ ಸ್ವಲ್ಪ ಒತ್ತಡ ಉಳಿಸಿ, ಶ್ವಾಸನಾಳಗಳು ಕುಸಿದು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಒಳಗೆ ಸಿಕ್ಕಿಬಿದ್ದ ಹಳೆಯ ಗಾಳಿ ಹೊರಹೋಗಿ ಹೊಸ ಗಾಳಿಗೆ ಜಾಗವಾಗುತ್ತದೆ. ನಮ್ಮ ತೊಂದರೆ ಗಾಳಿ ಒಳಗೆ ಬಾರದಿರುವುದಕ್ಕಿಂತ ಹೊರಗೆ ಹೋಗದಿರುವುದು ಎಂಬುದು ಮನಸ್ಸಿಗೆ ಇಳಿದ ಮೇಲೆ, ಬಾಯಿ ತೆರೆದು ಗಾಳಿಗಾಗಿ ಹಾತೊರೆಯುವುದು ತಾನಾಗಿ ಕಡಿಮೆಯಾಯಿತು.

ಈಗ ಕಥೆಯ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಪೆನ್ಸಿಲಿನಿಂದ ಉಸಿರಿನ ಗೆರೆಗಳನ್ನು ಹಾಕಿಕೊಳ್ಳುತ್ತೇನೆ. ನಮ್ಮ ಭಾಷೆ ಇದಕ್ಕೆ ಒದಗಿಬರುತ್ತದೆ: ಹೋಗಿ, ಬಂದು, ನೋಡಿ, ಎಂದುಕೊಂಡು ಎಂದು ವಾಕ್ಯ ಎಷ್ಟು ಉದ್ದ ಬೆಳೆದರೂ ನಡುನಡುವೆ ನಿಲ್ಲಲು ಜಾಗವಿರುತ್ತದೆ, ಮುಖ್ಯ ಕ್ರಿಯಾಪದ ಕೊನೆಯವರೆಗೂ ಕಾದಿರುತ್ತದೆ. ‘ನರಿ ಮೆಲ್ಲಗೆ ಬಾವಿಯ ಹತ್ತಿರ ಬಂದು, ಕತ್ತು ಚಾಚಿ, ಒಳಗೆ ಇಣುಕಿ...’ ಎಂದು ನಾನು ನಿಂತು ಉಸಿರು ಬಿಡುತ್ತಿದ್ದರೆ, ಮೊಮ್ಮಗಳು ತಡೆಯಲಾರದೆ ‘ಬಿತ್ತು!’ ಎನ್ನುತ್ತಾಳೆ. ಮುಂದಿನ ಸಾಲಿನಲ್ಲಿ ನರಿ ಬೀಳದೆ ತಪ್ಪಿಸಿಕೊಂಡರೆ ಇಬ್ಬರಿಗೂ ನಗು. ನಗು ಕೆಲವೊಮ್ಮೆ ಕೆಮ್ಮಾಗುತ್ತದೆ. ‘ನಿಧಾನ ಅಜ್ಜಿ, ಊದಿ’ ಎಂದು ಅವಳು ತನ್ನ ತುಟಿಯನ್ನೂ ಕಿರಿದು ಮಾಡಿ ನನ್ನೊಡನೆ ಊದುತ್ತಾಳೆ. ನನ್ನ ನಿಲುಗಡೆಗಳು ಅವಳಿಗೆ ಕಥೆಯದೇ ಭಾಗ. ಕಾಯಿಲೆ ಇಲ್ಲದಾಗಲೂ ನಾನು ಇಷ್ಟು ಚೆನ್ನಾಗಿ ಕಥೆ ಓದಿರಲಿಲ್ಲ ಎಂದೇ ನನ್ನ ನಂಬಿಕೆ.

ಆಸರೆಯ ವಿಷಯಕ್ಕೆ ಬಂದರೆ, ‘ಏನಾದರೂ ಬೇಕಾದರೆ ಹೇಳಿ’ ಎನ್ನುವವರು ಬಹಳ ಮಂದಿ. ಅವರು ಮನಸಾರೆ ಹೇಳುತ್ತಾರೆ, ಆದರೆ ಅವರಿಗೆ ಏನು ಮಾಡಬೇಕೆಂದು ತಿಳಿದಿರುವುದಿಲ್ಲ. ನಾನು ಬೇಕಾದ್ದನ್ನು ಬಿಡಿಬಿಡಿಯಾಗಿ ಹೇಳತೊಡಗಿದೆ. ಪತಿಗೆ: ‘ನನಗೆ ದಮ್ಮು ಬಂದಾಗ ಪ್ರಶ್ನೆ ಕೇಳಬೇಡಿ. ಉತ್ತರ ಕೊಡಲು ಉಸಿರಿರುವುದಿಲ್ಲ. ಪಕ್ಕದಲ್ಲಿ ಕುಳಿತು ನೀವೂ ನಿಧಾನವಾಗಿ ಉಸಿರಾಡಿ.’ ಮಗಳಿಗೆ: ‘ನನ್ನ ಕೈಯಿಂದ ಕೆಲಸ ಕಸಿದುಕೊಳ್ಳಬೇಡ, ನಾನು ಕೇಳಿದಾಗ ಬಾ.’ ಗೆಳತಿಗೆ: ‘ಫೋನಿನಲ್ಲಿ ಹೆಚ್ಚು ಮಾತು ನಿನ್ನದಿರಲಿ, ನಾನು ಕೇಳಿಸಿಕೊಳ್ಳುತ್ತೇನೆ. ಜೊತೆಗೆ ನಡೆಯುವಾಗ ನನ್ನ ಹೆಜ್ಜೆಗೆ ಹೆಜ್ಜೆ ಹಾಕು, ಮುಂದೆ ಹೋಗಿ ಕಾಯಬೇಡ.’ ಈ ಕೊನೆಯದು ಸಣ್ಣ ಮಾತೆಂದು ತೋರಬಹುದು. ಮುಂದೆ ನಿಂತು ಕಾಯುವವರನ್ನು ಕಂಡರೆ ನಾವು ತರಾತುರಿಯಿಂದ ಹೆಜ್ಜೆ ಹಾಕುತ್ತೇವೆ, ಅಲ್ಲಿಗೆ ಉಸಿರಿನ ಲಯ ಕೆಡುತ್ತದೆ.

ಪ್ರೀತಿಯಿಂದಲೇ ನಮ್ಮನ್ನು ಮೂಲೆಗೆ ಕೂರಿಸುವವರ ಜೊತೆ ಮಾತ್ರ ಗಟ್ಟಿಯಾಗಿ ಮಾತನಾಡಬೇಕಾಗುತ್ತದೆ. ಮಗಳು ಒಂದು ಹಂತದಲ್ಲಿ ನನ್ನನ್ನು ಮನೆಯಿಂದ ಹೊರಗೆ ಬಿಡಲು ಒಪ್ಪಲೇ ಇಲ್ಲ. ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ದಮ್ಮು ಬರುವುದು ಬೇರೆ, ಅಪಾಯವಾಗುವುದು ಬೇರೆ ಎಂದು ಅವರು ಅವಳಿಗೆ ಬಿಡಿಸಿ ಹೇಳಿದರು. ನಡೆದಾಗ ದಮ್ಮು ಬಂದು, ನಿಂತಾಗ ಕೆಲ ನಿಮಿಷಗಳಲ್ಲಿ ಇಳಿದರೆ ಅದು ವ್ಯಾಯಾಮ. ಕಫದ ಬಣ್ಣ ಹಳದಿ ಹಸಿರಿಗೆ ತಿರುಗಿ, ಪ್ರಮಾಣ ಹೆಚ್ಚಿ, ಕುಳಿತಲ್ಲೇ ಉಸಿರು ಕಟ್ಟತೊಡಗಿದರೆ ಅದು ಕಾಯಿಲೆ ಉಲ್ಬಣಿಸುವ ಸೂಚನೆ. ತುಟಿ ನೀಲಿಯಾದರೆ, ಮಂಪರು ಅಥವಾ ಗಲಿಬಿಲಿ ಕಂಡರೆ ತಡಮಾಡದೆ ಆಸ್ಪತ್ರೆ. ಯಾವ ಲಕ್ಷಣಕ್ಕೆ ಯಾವ ಔಷಧ, ಯಾವಾಗ ಯಾರಿಗೆ ಫೋನ್ ಮಾಡಬೇಕು ಎಂದು ವೈದ್ಯರೇ ಬರೆದುಕೊಟ್ಟ ಹಾಳೆ ನಮ್ಮ ಮನೆಯ ಗೋಡೆಯ ಮೇಲಿದೆ. ಆ ಹಾಳೆ ಬಂದ ಮೇಲೆ ಮಗಳ ಕಾವಲು ಸಡಿಲವಾಯಿತು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಹೊಣೆಯನ್ನು ಅವಳೇ ಹೊತ್ತಿದ್ದಾಳೆ.

ರಾತ್ರಿಯ ಭಯದ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಸಿರು ಕಟ್ಟಿ ಎಚ್ಚರವಾದಾಗ ಆಗುವ ದಿಗಿಲು ಬೇರೆ ಯಾವ ದಿಗಿಲಿನಂತೆಯೂ ಅಲ್ಲ. ದಿಗಿಲು ಉಸಿರನ್ನು ವೇಗಗೊಳಿಸುತ್ತದೆ, ವೇಗದ ಉಸಿರು ಎದೆಯಲ್ಲಿ ಇನ್ನಷ್ಟು ಗಾಳಿಯನ್ನು ಸಿಕ್ಕಿಸುತ್ತದೆ. ನನ್ನ ಹಾಸಿಗೆಯ ಪಕ್ಕದಲ್ಲಿ ಅಂಗೈಯಗಲದ ಬ್ಯಾಟರಿ ಫ್ಯಾನ್ ಇದೆ. ಎದ್ದು ಕುಳಿತು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಆ ಗಾಳಿಯನ್ನು ಮೂಗು, ಕೆನ್ನೆ, ಮೇಲ್ದುಟಿಗೆ ಹಿಡಿಯುತ್ತೇನೆ. ಮುಖದ ನರಕ್ಕೆ ತಣ್ಣನೆಯ ಗಾಳಿ ತಾಗಿದರೆ ಮಿದುಳಿಗೆ ದಮ್ಮಿನ ತೀವ್ರತೆ ಕಡಿಮೆಯಾಗಿ ಅನಿಸುತ್ತದೆ. ಇಷ್ಟಾದರೂ ಕೆಲವು ಕಾಲ ಮನಸ್ಸು ಕುಸಿದೇ ಇತ್ತು. ಆಪ್ತಸಮಾಲೋಚಕರ ಬಳಿಗೆ ಹೋದೆ. ಈ ಕಾಯಿಲೆಯವರಲ್ಲಿ ಆತಂಕ, ಖಿನ್ನತೆ ಸಾಮಾನ್ಯ. ಅದಕ್ಕೂ ಚಿಕಿತ್ಸೆ ಇದೆ, ಇನ್ಹೇಲರಿನಷ್ಟೇ ಅಗತ್ಯದ ಚಿಕಿತ್ಸೆ.

ಕಳೆದ ಕೆಲವು ಕಾಲದಿಂದ ಆಮ್ಲಜನಕವೂ ಬೇಕಾಗಿದೆ. ರಕ್ತದಲ್ಲಿ ಆಮ್ಲಜನಕ ವಿಶ್ರಾಂತಿಯಲ್ಲೂ ತೀರ ಕಡಿಮೆಯಿರುವವರು ದಿನಕ್ಕೆ ಕನಿಷ್ಠ 15 ಗಂಟೆ ಅದನ್ನು ತೆಗೆದುಕೊಂಡರೆ ಆಯುಸ್ಸು ಹೆಚ್ಚುತ್ತದೆ ಎಂಬುದು 1980ರ ಆಸುಪಾಸಿನ ಅಧ್ಯಯನಗಳಿಂದಲೇ ತಿಳಿದ ಸಂಗತಿ. ಕಾನ್ಸನ್‌ಟ್ರೇಟರ್ ಎಂಬ ಯಂತ್ರ ಕೋಣೆಯ ಗಾಳಿಯಿಂದಲೇ ಸಾರಜನಕವನ್ನು ಸೋಸಿ ಆಮ್ಲಜನಕ ಕೊಡುತ್ತದೆ. ಹತ್ತಿರದಲ್ಲಿ ಬೆಂಕಿ ಕೂಡದು, ಹರಿವಿನ ಮಟ್ಟವನ್ನು ನಾವಾಗಿ ಏರಿಸಕೂಡದು. ನಮ್ಮಲ್ಲಿ ಹಲವರಿಗೆ ರಕ್ತದ ಆಮ್ಲಜನಕ ಶೇ 88ರಿಂದ 92ರ ಮಟ್ಟದಲ್ಲಿದ್ದರೇ ಸರಿ, ಅತಿಯಾದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಹೆಚ್ಚಾಗುತ್ತದೆ. ಮೂಗಿನ ಕೆಳಗಿನ ನಳಿಕೆಯೊಂದಿಗೆ ಹೊರಗೆ ಹೋದಾಗ ಜನ ನೋಡುತ್ತಾರೆ. ನೋಡಲಿ. ಅದು ಇರುವುದರಿಂದಲೇ ನಾನು ಹೊರಗೆ ಬಂದಿದ್ದೇನೆ.

ಇಷ್ಟೆಲ್ಲ ಕಲಿತದ್ದು ಪಲ್ಮನರಿ ರಿಹ್ಯಾಬಿನಲ್ಲಿ, ಎಂದರೆ ಶ್ವಾಸಕೋಶದ ಕಾಯಿಲೆಯವರ ಪುನಶ್ಚೇತನ ತರಬೇತಿಯಲ್ಲಿ. ಸಾಮಾನ್ಯವಾಗಿ 6ರಿಂದ 12 ವಾರಗಳ ತರಬೇತಿ, ವಾರಕ್ಕೆ ಎರಡು ಮೂರು ಬಾರಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೇವೆಂದು ಅಳೆದು ಶುರುಮಾಡುತ್ತಾರೆ. ದಮ್ಮಿಗೆ 0ರಿಂದ 10ರವರೆಗೆ ಅಂಕ ಕೊಡಲು ಹೇಳಿಕೊಡುತ್ತಾರೆ. ‘ಉಸಿರೇ ಹೋಗುತ್ತಿದೆ’ ಎನ್ನುತ್ತಿದ್ದ ನಾನು ‘ಈಗ ನಾಲ್ಕು’ ಎನ್ನಲು ಕಲಿತೆ, ಭಯಕ್ಕೆ ಒಂದು ಅಳತೆ ಸಿಕ್ಕಿತು. ಶ್ವಾಸಕೋಶದ ಪರೀಕ್ಷೆಯ ಅಂಕಿ ಹೆಚ್ಚೇನೂ ಬದಲಾಗದಿದ್ದರೂ ನಡೆಯುವ ದೂರ ಹೆಚ್ಚುತ್ತದೆ, ದಮ್ಮು ತಗ್ಗುತ್ತದೆ. ಎಲ್ಲ ಕಡೆ ಇದು ಸಿಗುವುದಿಲ್ಲ ಎನ್ನುವುದೇ ನನಗಿರುವ ದೊಡ್ಡ ಬೇಸರ.

ಅಲ್ಲಿ ಸಿಕ್ಕ ಜನ ನನ್ನ ಪಾಲಿಗೆ ವ್ಯಾಯಾಮಕ್ಕಿಂತ ಹೆಚ್ಚು. ತರಬೇತಿ ಮುಗಿದ ಮೇಲೂ ನಾವು ಸೇರುತ್ತೇವೆ, ಕುಳಿತು ಹಾಡುತ್ತೇವೆ. ಸಾಲು ಎಳೆಯುವುದೆಂದರೆ ಉಸಿರನ್ನು ನಿಧಾನವಾಗಿ ಬಿಡುವುದೇ ತಾನೇ. ಯಾರಿಗಾದರೂ ನಡುವೆ ಉಸಿರು ಮುಗಿದರೆ ಪಕ್ಕದವರು ಸಾಲನ್ನು ಹಿಡಿದುಕೊಳ್ಳುತ್ತಾರೆ. ವರ್ಷಗಟ್ಟಲೆ ಸಿಗರೇಟು ಸೇದಿದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ‘ನಾನೇ ತಂದುಕೊಂಡದ್ದು, ಯಾರನ್ನು ಸಹಾಯ ಕೇಳಲಿ’ ಎಂದು ನೆಂಟರಿಂದಲೂ ಕಾಯಿಲೆಯನ್ನು ಮುಚ್ಚಿಟ್ಟಿದ್ದರು. ನಾನು ಸೇದಿದವಳಲ್ಲ, ನನ್ನದು ಒಲೆಯ ಹೊಗೆಯಿಂದ ಬಂದದ್ದು. ಹಾಗೆಂದು ನನಗೆ ಅವರಿಗಿಂತ ಹೆಚ್ಚಿನ ಕರುಣೆ ಸಲ್ಲಬೇಕಾಗಿಲ್ಲ. ಕಾಯಿಲೆಯವರನ್ನು ಕಂಡ ಕೂಡಲೇ ‘ಸೇದುತ್ತಿದ್ದಿರಾ?’ ಎಂದು ಕೇಳುವವರಿಗೆ ನನ್ನದೊಂದು ವಿನಂತಿ: ವೈದ್ಯರು ಅದನ್ನು ಕೇಳಲಿ. ನೀವು ಅವರ ಜೊತೆ ಸ್ವಲ್ಪ ದೂರ ನಡೆಯಿರಿ.

ಗುಂಪಿಗೆ ಹೊಸಬರು ಬಂದರೆ ಅವರ ಜೊತೆ ಮೊದಲು ಮಾತನಾಡುವ ಕೆಲಸ ನನ್ನದು. ಇನ್ಹೇಲರನ್ನು ಸರಿಯಾಗಿ ಎಳೆಯುತ್ತಾರೆಯೇ, ಎಳೆದ ಮೇಲೆ ಹತ್ತು ಸೆಕೆಂಡ್ ಉಸಿರು ಹಿಡಿಯುತ್ತಾರೆಯೇ, ಸ್ಟಿರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸುತ್ತಾರೆಯೇ ಎಂದು ನೋಡುತ್ತೇನೆ. ಆಮೇಲೆ ಕೇಳುವುದು ಒಂದೇ: ‘ಉಸಿರಿನ ತೊಂದರೆಯಿಂದ ಯಾವುದನ್ನು ಬಿಟ್ಟಿರಿ?’ ಒಬ್ಬರು ಈಜು ಎನ್ನುತ್ತಾರೆ, ಇನ್ನೊಬ್ಬರು ಮಹಡಿಯ ಮೇಲಿನ ಅಕ್ಕನ ಮನೆ ಎನ್ನುತ್ತಾರೆ. ಈಜಿನ ಮಾತು ಬಂದರೆ ಮೊದಲು ವೈದ್ಯರ ಒಪ್ಪಿಗೆ ಕೇಳಬೇಕಾಗುತ್ತದೆ. ಅಕ್ಕನ ಮನೆಯಾದರೆ ಎಷ್ಟು ಮೆಟ್ಟಿಲು, ಎಲ್ಲಿ ನಿಲ್ಲಬಹುದು ಎಂದು ಅಂದೇ ಲೆಕ್ಕ ಹಾಕಿ, ಫಿಸಿಯೋಥೆರಪಿಸ್ಟ್ ಅದನ್ನೇ ಆ ವಾರದ ಅಭ್ಯಾಸದಲ್ಲಿ ಸೇರಿಸುತ್ತಾರೆ.