ಹಳೇ ನೀಲಿ ಪಿಂಗಾಣಿ ತಾಟು ಯಾವ ದೇಶದ್ದು ಅಂತ ಹೆಂಗ ಗುರ್ತು ಹಿಡಿಯೋದು?

ಧಾರವಾಡದ ಹಳೇ ವಾಡೆದ ಅಟ್ಟದ ಮ್ಯಾಲ, ಇಲ್ಲಾ ಹುಬ್ಬಳ್ಳಿ ಗುಜರಿ ಅಂಗಡ್ಯಾಗ ನೀಲಿ ಚಿತ್ರದ ಬಿಳಿ ತಾಟು ಸಿಕ್ರ ಮಂದಿ ನೋಡಿದ ಕೂಡ್ಲೇ ಚೀನಾದ್ದು ಅಂದು ಬಿಡ್ತಾರ. ಚಿತ್ರ ನೋಡಿ ಹಂಗ ಹೇಳಾಕ ಹೋಗಬ್ಯಾಡ್ರಿ, ಯುರೋಪಿನವ್ರು ಅವನ್ನ ನೂರಾರು ವರ್ಷ ಕಾಪಿ ಹೊಡದಾರ.

ಮೊದ್ಲು ಅಂಚು ನೋಡ್ರಿ, ಎಲ್ಲೆರೆ ಚಕ್ಕಿ ಎದ್ದಿದ್ರ ಚಲೋನ ಆತು, ಒಳಗಿನ ಮಣ್ಣು ಕಾಣ್ತೈತಿ. ಒಳಗ ಹಳದಿ ಇಲ್ಲಾ ಕಂದು ಮಣ್ಣು, ಮ್ಯಾಲ ದಪ್ಪ ಬಿಳಿ ಲೇಪ ಇದ್ರ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನ ತರದ ಮಾಲು ಇರಬಹುದು. 1602ರಾಗ ಡಚ್ ಈಸ್ಟ್ ಇಂಡಿಯಾ ಕಂಪನಿ ಶುರು ಆಗಿ ಹಡಗುಗಟ್ಟಲೆ ಚೀನಾ ಪಿಂಗಾಣಿ ತಂತು, ಮಂದಿಗೆ ರುಚಿ ಹತ್ತಿತು, ಆದ್ರ 1644ರಾಗ ಮಿಂಗ್ ಅರಸೊತ್ತಿಗಿ ಬಿದ್ದ ಗದ್ದಲದಾಗ ಮಾಲು ಬರೋದು ಕಮ್ಮಿ ಆತು, ಡೆಲ್ಫ್ಟ್ ಕುಂಬಾರ್ರಿಗೆ ಸುಗ್ಗಿನ ಸುಗ್ಗಿ. ಖರೇ ಪಿಂಗಾಣಿ ಮಾಡೋ ಗುಟ್ಟು ಅವ್ರಿಗೆ ಗೊತ್ತಿರಲಿಲ್ಲ, ಅದಕ್ಕ ಸಾದಾ ಮಣ್ಣಿನ ತಾಟಿಗೆ ತವರ ಬೆರಸಿದ ಬಿಳಿ ಗ್ಲೇಜ್ (ಸುಟ್ರ ಗಾಜಿನಂಗ ಆಗೋ ಲೇಪ) ಬಳದು ಅದರ ಮ್ಯಾಲ ಕೋಬಾಲ್ಟ್ ನೀಲಿಯಿಂದ ಚಿತ್ರ ಬರದ್ರು.

ಆಮ್ಯಾಲ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡೀರಿ. ತೆಳು ಪಿಂಗಾಣಿ ಇದ್ರ ಬೆಳಕು ದಾಟ್ತೈತಿ, ಮಣ್ಣಿನ ತಾಟಿನಾಗ ದಾಟಂಗಿಲ್ಲ. ದಾಟ್ತು ಅಂತ ಚೀನಾದ್ದು ಅಂದ್ಕೋಬ್ಯಾಡ್ರಿ ಮತ್ತ, ಜರ್ಮನಿಯ ಮೈಸೆನ್‌ನಾಗ 1710ಕ್ಕನ ಪಿಂಗಾಣಿ ಫ್ಯಾಕ್ಟರಿ ನಿಂತಿತ್ತು. ತಾಟಿನ ಹಿಂದ ಅವರು ಹಾಕೋ, ಒಂದರ ಮ್ಯಾಲೊಂದು ಅಡ್ಡ ಇಟ್ಟ ಎರಡು ಕತ್ತಿ ಗುರ್ತನ್ನ ಮಾತ್ರ ನಂಬಬ್ಯಾಡ್ರಿ, ಭಾಳ ಮಂದಿ ನಕಲು ಮಾಡ್ಯಾರ.

ನಮ್ಮ ಕಡೆ ಹೆಚ್ಚಿಗಿ ಸಿಗೋದು ಇಂಗ್ಲೆಂಡಿನದ್ದ ಅಂತ ನನ್ನ ಅಂದಾಜು. ವಿಲೋ ಗಿಡ, ಸೇತುವಿ ಮ್ಯಾಲ ಮೂರು ಮಂದಿ, ಮ್ಯಾಲ ಎರಡು ಹಕ್ಕಿ, ಈ ಚಿತ್ರ 1790ರ ಸುಮಾರಿಗೆ ಇಂಗ್ಲೆಂಡಿನಾಗ ಹುಟ್ಟಿದ್ದು, ಆ ಚಿತ್ರದ್ದು ಅಂತ ಹೇಳೋ ಪ್ರೇಮಕಥಿನೂ ಅಲ್ಲೇ ಕಟ್ಟಿದ್ದು! ತಾಮ್ರದ ಹಲಗಿ ಮ್ಯಾಲ ಕೊರದು, ತೆಳು ಕಾಗದಕ್ಕ ಅಚ್ಚು ಹಾಕಿ, ಅದನ್ನ ತಾಟಿಗೆ ಅಂಟಸ್ತಿದ್ರು, ಹಂಗಾಗಿ ಭೂತಗನ್ನಡಿ ಹಿಡದ್ರ ಸಣ್ಣ ಸಣ್ಣ ಚುಕ್ಕಿ ಗೆರಿ ಕಾಣ್ತಾವ, ಅಂಚಿನ ಡಿಸೈನ್ ಒಂದ್ ಕಡೆ ಸರಿ ಕೂಡಿರಂಗಿಲ್ಲ. ಕೈಲೆ ಬರದದ್ದಾದ್ರ ಕುಂಚದ ಎಳತ ಒಂದ್ ಕಡೆ ದಪ್ಪ ಒಂದ್ ಕಡೆ ತೆಳು ಇರ್ತೈತಿ. ಹಿಂದ 'ಇಂಗ್ಲೆಂಡ್' ಅಂತ ಅಚ್ಚಿದ್ರ ಸಾಮಾನ್ಯವಾಗಿ 1891ರ ನಂತರದ್ದು, ಅಮೆರಿಕಕ್ಕ ಹೋಗೋ ಮಾಲಿನ ಮ್ಯಾಲ ದೇಶದ ಹೆಸರು ಹಾಕೋದು ಅಲ್ಲಿನ ಕಾಯ್ದೆದಿಂದ ಆವಾಗ ಕಡ್ಡಾಯ ಆತು.

ತೊಳಿಯೋವಾಗ ಸ್ಕ್ರಬ್ಬರ್ ಹಚ್ಚಬ್ಯಾಡ್ರಿ, ಮೆತ್ತನ ಅರಿವಿ ಸಾಕು. ಅದರಾಗ ಹುಣಸೆ ಸಾರು ಹಾಕ್ಕೊಂಡು ಉಣ್ಣಾಕ ಹೋಗಬ್ಯಾಡ್ರಿ, ಹಳೇ ಗ್ಲೇಜಿನಾಗ ಸೀಸ ಇರಬಹುದು, ಹುಳಿಗೆ ಅದು ಬಿಡ್ತೈತಿ.